ಗೋಡೆಗೆ ಹಾಕುವ ಮುಂಚೆ ನೆಲದ ಮೇಲೆ ಹರಡಿ ನೋಡಿ

ಮೆಲ್ಬರ್ನ್‌ನಲ್ಲಿ ನಮ್ಮ ಬಡಾವಣೆಯ ಲೈಬ್ರರಿಯ ಒಂದು ಗೋಡೆಯನ್ನು ಸ್ಥಳೀಯರ ಪ್ರದರ್ಶನಕ್ಕೆ ಕೊಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಹೆಂಗಸರ ಫೋಟೋಗಳನ್ನು ನಾನೂ ಗೆಳತಿಯರೂ ಸೇರಿ ಅಲ್ಲಿ ಹಾಕಿದೆವು. ಹೆಚ್ಚಿನವರು ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುವವರು, ಕನ್ನಡದವರೂ ಇದ್ದಾರೆ. ಹೇಗೆ ಮಾಡಿದ್ರಿ ಅಂತ ಸುಮಾರು ಜನ ಕೇಳಿದರು, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ದಾರಿ ತೋರಿಸಿದ್ದು ಆಸ್ಟ್ರೇಲಿಯಾದ ಕಲಾವಿದೆ ಟ್ರೇಸಿ ಮೊಫಾಟ್ ಅವರ 'ಸಮ್‌ಥಿಂಗ್ ಮೋರ್' ಅನ್ನುವ ಫೋಟೋ ಸರಣಿ. 1989ರ ಈ ಸರಣಿಯಲ್ಲಿ ಇರುವುದು ಒಂಬತ್ತೇ ಚಿತ್ರ, ಆರು ಬಣ್ಣದವು, ಮೂರು ಕಪ್ಪು-ಬಿಳುಪು. ಮೊದಲು ಗುಡಿಸಲಿನ ಮುಂದೆ ಕೆಂಪು ಉಡುಪಿನ ಹೆಣ್ಣು, ಆ ಹೆಣ್ಣು ಮೊಫಾಟ್ ಅವರೇ. ಕೊನೆಯದರಲ್ಲಿ ಅವಳು ರಸ್ತೆ ಮೇಲೆ ಬಿದ್ದಿದ್ದಾಳೆ, ಫಲಕದಲ್ಲಿ ಬ್ರಿಸ್ಬೇನ್ 300 ಮೈಲಿ ಅಂತಿದೆ. ನಡುವೆ ಏನಾಯಿತು ಅಂತ ಯಾವ ಚಿತ್ರವೂ ಪೂರ್ತಿ ಬಿಟ್ಟುಕೊಡುವುದಿಲ್ಲ, ನಾವೇ ಜೋಡಿಸಿಕೊಳ್ಳಬೇಕು, ಮತ್ತೆ ಮತ್ತೆ ನೋಡಬೇಕು ಅನ್ನಿಸುವುದೂ ಅದಕ್ಕೇ.

ಹಾಗಾಗಿ ನಾವು ನಮ್ಮ ಫೋಟೋಗಳನ್ನೆಲ್ಲ ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಪ್ರಿಂಟ್ ಹಾಕಿಸಿ ನಮ್ಮ ಹಾಲ್‌ನಲ್ಲಿ ಹರಡಿದೆವು. ಫೋನಿನಲ್ಲಿ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಬಸ್ ಸ್ಟಾಪ್, ಖಾಲಿ ಊಟದ ಡಬ್ಬಿ, ಊದಿದ ಪಾದ, ಹೀಗೆ ಪಕ್ಕಪಕ್ಕ ಇಟ್ಟಾಗ ಒಂದಕ್ಕೊಂದು ಮಾತಾಡಲು ಶುರುಮಾಡುತ್ತವೆ. ಸೂರ್ಯೋದಯದ ಫೋಟೋ ತುಂಬಾ ಚೆನ್ನಾಗಿತ್ತು, ಆದರೂ ಕೈಬಿಟ್ಟೆವು, ಯಾಕೆಂದರೆ ಅದನ್ನು ನೋಡಿದ ಕಣ್ಣು ಆ ಹೆಂಗಸರನ್ನು ಮರೆತುಬಿಡುತ್ತಿತ್ತು.

ಎದುರಿಗೆ ದೊಡ್ಡ ಕಿಟಕಿ ಇದ್ದದ್ದರಿಂದ ಹೊಳಪಿಲ್ಲದ ಮ್ಯಾಟ್ ಪೇಪರ್ ಆರಿಸಿದೆವು, ಗಾಜು ಹಾಕಿಸಲಿಲ್ಲ. ಪ್ರತಿ ಚಿತ್ರದ ನಡುಭಾಗ ನೆಲದಿಂದ 150 ಸೆಂಟಿಮೀಟರ್‌ಗೆ ಬರುವ ಹಾಗೆ ಅಳೆದು ಮೊಳೆ ಹೊಡೆದೆವು. ಅಂಚುಗಳನ್ನು ಸಾಲಾಗಿಸಲು ಹೋಗಬೇಡಿ, ಚಿತ್ರಗಳ ಅಳತೆ ಬೇರೆಬೇರೆ ಇದ್ದಾಗ ನಡುಭಾಗ ಸಮ ಇದ್ದರೆ ಸಾಕು.

ಹೆಸರಿನ ಚೀಟಿಗೂ ಅಷ್ಟೇ ಸಮಯ ಕೊಟ್ಟೆವು. ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿ 2020ರಲ್ಲಿ 'ನೋ ಮೈ ನೇಮ್' (Know My Name, ಅಂದರೆ 'ನನ್ನ ಹೆಸರು ತಿಳಿದುಕೊಳ್ಳಿ') ಅನ್ನುವ ಕಲಾವಿದೆಯರ ಪ್ರದರ್ಶನ ಶುರುಮಾಡಿದ ಕಾಲದಲ್ಲಿ, ಅದರ ಆಸ್ಟ್ರೇಲಿಯನ್ ಕಲಾ ಸಂಗ್ರಹದಲ್ಲಿ ಹೆಣ್ಣುಮಕ್ಕಳ ಕೃತಿಗಳು ಶೇಕಡ 25 ಮಾತ್ರ ಇದ್ದವು. ಅಷ್ಟು ದೊಡ್ಡ ಸಂಸ್ಥೆಯಲ್ಲೇ ಹಾಗಿದ್ದರೆ ನಮ್ಮ ಪುಟ್ಟ ಗೋಡೆಯಲ್ಲಿ ಯಾರ ಹೆಸರೂ ಬಿಟ್ಟುಹೋಗಬಾರದು, ಅಲ್ವಾ? ಫೋಟೋ ತೆಗೆದವರ ಜೊತೆಗೆ ಫೋಟೋದಲ್ಲಿರುವವರ ಹೆಸರನ್ನೂ ಅದೇ ದಪ್ಪ ಅಕ್ಷರದಲ್ಲಿ ಹಾಕಿದೆವು. ಮುಖ ಕಾಣಿಸುವುದು ಬೇಡ ಅಂದವರ ಕೈಗಳ ಫೋಟೋ ಮಾತ್ರ ತೆಗೆದೆವು. ಎಲ್ಲರಿಂದಲೂ ಮೊದಲೇ ಲಿಖಿತ ಒಪ್ಪಿಗೆ ತೆಗೆದುಕೊಂಡಿದ್ದೆವು, ನೀವೂ ಅದನ್ನು ಕ್ಯಾಮೆರಾ ಹೊರತೆಗೆಯುವ ಮುಂಚೆಯೇ ಮಾಡಿಕೊಳ್ಳಿ.