ಬಾಗಿಲು ಮುಚ್ಚುವ ಮುನ್ನ ಒಳಗಿರಬೇಕು: ಇಂಗ್ಲೆಂಡಿನಲ್ಲಿ ನಮ್ಮ ಕ್ರಿಸ್‌ಮಸ್

ಶಿವಮೊಗ್ಗದಿಂದ ಅಪ್ಪ ಅಮ್ಮ ಮೊದಲ ಸಲ ನಮ್ಮ ಮನೆಗೆ, ಅಂದರೆ ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ವರ್ಷ, ಕ್ರಿಸ್‌ಮಸ್ಸಿಗೆಂದು ಲಂಡನ್ನಿನ ನಡುಭಾಗದ ದುಬಾರಿ ಹೋಟೆಲೊಂದರಲ್ಲಿ ಎರಡು ರಾತ್ರಿಗೆ ಕೋಣೆ ಹಿಡಿದಿದ್ದೆ. ಅಲ್ಲಿಯವರೆಗೆ ಪ್ರತಿ ಡಿಸೆಂಬರಿನಲ್ಲಿ ರಜೆ ಹಾಕಿ ಊರಿಗೆ ಹೋಗಿಬಿಡುತ್ತಿದ್ದ ನನಗೆ, ಹಬ್ಬದ ದಿನ ಲಂಡನ್ ದಸರೆಯ ಮೈಸೂರಿನಂತೆ ತುಂಬಿ ತುಳುಕುತ್ತಿರುತ್ತದೆ ಎಂಬ ನಂಬಿಕೆಯಿತ್ತು. 25ರ ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಸುರಂಗ ರೈಲು ಇಲ್ಲ, ಬಸ್ಸು ಇಲ್ಲ. ದೇಶದಲ್ಲೆಲ್ಲ ರೈಲು ಸಂಚಾರವೇ ಆ ದಿನ ನಿಂತಿರುತ್ತದೆ ಎಂಬುದು ಆಗ ತಿಳಿಯಿತು. 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಕ್ರಿಸ್‌ಮಸ್ ದಿನ ತೆರೆಯಬಾರದೆಂದು 2004ರಲ್ಲಿ ಕಾನೂನನ್ನೇ ಮಾಡಿದ್ದಾರೆ. ನಾವು ಉಳಿದಿದ್ದ ಹೋಟೆಲಿನ ಊಟದ ಮನೆಯಲ್ಲಿ ಮಧ್ಯಾಹ್ನದ ಮೇಜುಗಳೆಲ್ಲ ತಿಂಗಳುಗಳ ಹಿಂದೆಯೇ ಮಾರಾಟವಾಗಿದ್ದವು. ಓಣಿಯ ಮೂಲೆಯ ಸಣ್ಣ ಅಂಗಡಿಯಲ್ಲಿ ಸಿಕ್ಕ ಬ್ರೆಡ್ಡು, ಬಾಳೆಹಣ್ಣುಗಳೊಂದಿಗೆ ಕೋಣೆಗೆ ಮರಳುವಾಗ ಅಮ್ಮ ಕೇಳಿದ್ದು ಒಂದೇ ಮಾತು: ‘ಇವರು ಹಬ್ಬ ಎಲ್ಲಿ ಮಾಡ್ತಾರೋ?’

ಮನೆಯ ಒಳಗೆ ಮಾಡುತ್ತಾರೆ. ಇಲ್ಲಿ ಡಿಸೆಂಬರ್ ತಿಂಗಳಿಡೀ ಬೀದಿಯದು, 25ನೆಯ ತಾರೀಕು ಮಾತ್ರ ಬಾಗಿಲ ಒಳಗಿನದು. ಆದ್ದರಿಂದ ಹಬ್ಬಕ್ಕೆಂದು ಧಾರಾಳವಾಗಿ ಖರ್ಚು ಮಾಡಲು ಹೊರಟವರು ಆ ಹಣದಿಂದ ಮೂರು ದಿನದ ಮಟ್ಟಿಗೆ ಒಂದು ಮನೆಯನ್ನು ಕೊಳ್ಳಬೇಕೇ ಹೊರತು ಬರಿಯ ಕೋಣೆಯನ್ನಲ್ಲ. ಅಪ್ಪ ಅಮ್ಮ ಎರಡನೆಯ ಸಲ ಬಂದಾಗ ನಾನು ಏರ್ಪಾಡು ಮಾಡಿದ್ದು ಈ ಲೆಕ್ಕದ ಮೇಲೆ: ತಿರುಗಾಟವೆಲ್ಲ 23ರೊಳಗೆ ಮುಗಿಯಬೇಕು, 24ರ ಮಧ್ಯಾಹ್ನದಿಂದ 27ರ ಬೆಳಗಿನವರೆಗೆ ಒಂದೇ ಸೂರಿನಡಿ ಇರಬೇಕು, ಊಟ ತಿಂಡಿ ಎಲ್ಲವೂ ಆ ಹಣದಲ್ಲೇ ಸೇರಿರಬೇಕು.

ಅಂಥ ಮನೆಗಳು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಬಹಳ ಇವೆ. ಹಿಂದಿನ ಜಮೀನುದಾರ ಕುಟುಂಬಗಳು ಎರಡು ಮಹಾಯುದ್ಧಗಳ ಆಚೀಚೆಗೆ ವಾರಸುದಾರಿಕೆಯ ತೆರಿಗೆ ಕಟ್ಟಲಾಗದೆಯೂ ಆಳುಕಾಳು ಸಿಗದೆಯೂ ಬಿಟ್ಟುಕೊಟ್ಟ ಬಂಗಲೆಗಳಲ್ಲಿ ಎಷ್ಟೋ ಈಗ ಹೋಟೆಲುಗಳಾಗಿವೆ. ನಾವು ಆರಿಸಿಕೊಂಡದ್ದು ಬಾತ್ ನಗರದ ಹತ್ತಿರದ ಒಂದು ಮನೆ. ಇಂಥಲ್ಲಿ ಮೂರು ರಾತ್ರಿಯ ಕ್ರಿಸ್‌ಮಸ್ ಪ್ಯಾಕೇಜು ತಲೆಗೆ ಸಾವಿರ ಪೌಂಡ್ ದಾಟುವುದು ಸಾಮಾನ್ಯ, ಒಳ್ಳೆಯ ಕೋಣೆಗಳು ಹಿಂದಿನ ಚಳಿಗಾಲ ಮುಗಿಯುವಷ್ಟರಲ್ಲಿ ಹೋಗಿರುತ್ತವೆ. ನಾನು ಕಾಯ್ದಿರಿಸಿದ್ದು ಮಾರ್ಚಿನಲ್ಲಿ. ಆದರೆ ಊರಿನಿಂದ ತಂದೆತಾಯಿಯನ್ನು ಕರೆಸಿಕೊಳ್ಳುವವರಿಗೆ ಇಲ್ಲೊಂದು ತೊಡಕಿದೆ: ಪ್ರವಾಸಿ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಮೂರು ತಿಂಗಳಿಗೂ ಮುಂಚೆ ಅರ್ಜಿ ಹಾಕುವಂತಿಲ್ಲ, ಅಂದರೆ ವೀಸಾ ಸಿಗುತ್ತದೋ ಇಲ್ಲವೋ ತಿಳಿಯುವ ಎಷ್ಟೋ ಮೊದಲೇ ಕೋಣೆಗೆ ಹಣ ಕಟ್ಟಬೇಕಾಗುತ್ತದೆ. ಬುಕಿಂಗ್ ಮಾಡುವಾಗಲೇ ನಾನು ಫೋನಿನಲ್ಲಿ ಎರಡು ವಿಷಯ ಗಟ್ಟಿ ಮಾಡಿಕೊಂಡು, ಅವನ್ನೇ ಇಮೇಲ್‌ನಲ್ಲಿ ಬರೆಸಿಕೊಂಡೆ. ಅತಿಥಿಗಳ ಹೆಸರು ಬದಲಾಯಿಸಬಹುದೇ ಎಂಬುದು ಒಂದು, ಬಾಕಿ ಹಣದ ಗಡುವು ನವೆಂಬರಿನವರೆಗೆ ಮುಂದೆ ಹೋಗಬಹುದೇ ಎಂಬುದು ಇನ್ನೊಂದು. ಎರಡಕ್ಕೂ ಒಪ್ಪಿದರು. ಅಪ್ಪ ಅಮ್ಮ ಬರಲಾಗದಿದ್ದರೆ ಸ್ನೇಹಿತ ದಂಪತಿಯನ್ನು ಆ ಕೋಣೆಗೆ ತುಂಬಿಸುವ ಯೋಚನೆ ನನ್ನದಾಗಿತ್ತು, ಅದು ಬೇಕಾಗಲಿಲ್ಲ.

ಮುನ್ನಿನ ತಿರುಗಾಟದಲ್ಲಿ ಎರಡನ್ನು ಹೇಳಬೇಕು. ಬಕಿಂಗ್‌ಹ್ಯಾಮ್‌ಶೈರಿನ ವಾಡ್ಸ್‌ಡನ್ ಮ್ಯಾನರ್, ಬ್ಯಾಂಕಿಂಗ್ ಮನೆತನದ ಫರ್ಡಿನಂಡ್ ಡಿ ರಾತ್ಸ್‌ಚೈಲ್ಡ್ 19ನೆಯ ಶತಮಾನದ ಕೊನೆಗೆ ಫ್ರೆಂಚ್ ಅರಮನೆಯ ಮಾದರಿಯಲ್ಲಿ ಕಟ್ಟಿಸಿದ ಮನೆ. ಕ್ರಿಸ್‌ಮಸ್ ಬಂತೆಂದರೆ ಅದರ ಕೋಣೆಗಳನ್ನೂ ತೋಟವನ್ನೂ ದೀಪಗಳಿಂದ ಸಿಂಗರಿಸುತ್ತಾರೆ, ಪ್ರವೇಶಕ್ಕೆ ಗಂಟೆ ನಿಗದಿಯಾದ ಟಿಕೆಟ್ ಇರುತ್ತದೆ. ಮೂರೂವರೆಯ ಸುಮಾರಿಗೆ ಒಳಗೆ ಹೋದರೆ ಹಗಲಿನಲ್ಲಿ ಮನೆಯನ್ನು ನೋಡಿ ಹೊರಬರುವಷ್ಟರಲ್ಲಿ ಕತ್ತಲಾಗಿ ತೋಟದ ದೀಪಗಳೂ ಸಿಗುತ್ತವೆ, ಏಕೆಂದರೆ ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಇನ್ನೊಂದು, ಲಂಡನ್ನಿನ ರಿಟ್ಜ್ ಹೋಟೆಲಿನ ಮಧ್ಯಾಹ್ನದ ಚಹಾ. 1906ರಲ್ಲಿ ಆರಂಭವಾದ ಈ ಹೋಟೆಲಿನಲ್ಲಿ ‘ಮಧ್ಯಾಹ್ನದ’ ಚಹಾ ಬೆಳಿಗ್ಗೆ ಹನ್ನೊಂದೂವರೆಗೇ ಶುರುವಾಗುತ್ತದೆ, ಬೇಡಿಕೆ ಅಷ್ಟಿದೆ. ಗಂಡಸರಿಗೆ ಕೋಟು ಕಡ್ಡಾಯ, ಜೀನ್ಸು ಮತ್ತು ಓಟದ ಬೂಟು ನಿಷಿದ್ಧ. ಅಪ್ಪ ನನ್ನ ಮದುವೆಗೆ ಶಿವಮೊಗ್ಗದಲ್ಲಿ ಹೊಲಿಸಿದ ಕೋಟನ್ನೇ ತಂದಿದ್ದರು. ಅಮ್ಮ ಉಣ್ಣೆಯ ಒಳಉಡುಪಿನ ಮೇಲೆ ಮೈಸೂರು ರೇಷ್ಮೆ ಸೀರೆ ಉಟ್ಟರು, ಆ ಕೋಣೆಯಲ್ಲಿ ಅದಕ್ಕಿಂತ ಚೆನ್ನಾದ ಉಡುಪು ನನಗಂತೂ ಕಾಣಲಿಲ್ಲ. ಬಾತ್‌ನ ಪ್ರಸಿದ್ಧ ಕ್ರಿಸ್‌ಮಸ್ ಸಂತೆಯನ್ನು ನಂಬಿಕೊಂಡು ಹಬ್ಬದ ವಾರಕ್ಕೆ ಹೋಗುವವರಿಗೆ ನಿರಾಶೆ ಖಂಡಿತ, ಅದು ಡಿಸೆಂಬರ್ ಮಧ್ಯದ ಹೊತ್ತಿಗೇ ಮುಗಿದಿರುತ್ತದೆ.

22ರಂದೇ ಬಾತ್ ಸೇರಿ ಊರೊಳಗೆ ಎರಡು ರಾತ್ರಿ ಉಳಿದೆವು. 24ರ ಸಂಜೆ ರೈಲುಗಳು ಬೇಗ ನಿಲ್ಲುತ್ತವೆ, ಹಬ್ಬದ ದಿನಗಳಲ್ಲೇ ಹಳಿಗಳ ದುರಸ್ತಿಯನ್ನೂ ಇಟ್ಟುಕೊಂಡಿರುತ್ತಾರೆ, ಆದ್ದರಿಂದ ಕಾರಿಲ್ಲದವರು ಆ ದಿನದ ಪ್ರಯಾಣವನ್ನು ನೆಚ್ಚಿಕೊಳ್ಳಬಾರದು. ಭೂಮಿಯೊಳಗಿಂದ ಸುಮಾರು 46 ಡಿಗ್ರಿ ಬಿಸಿಯಲ್ಲಿ ಉಕ್ಕುವ ನೀರಿನ ಸುತ್ತ ರೋಮನ್ನರು ಕಟ್ಟಿಕೊಂಡ ಸ್ನಾನಗೃಹಗಳನ್ನು ನೋಡಿ, ಸಂಜೆ ಅಪ್ಪ ಮತ್ತು ನಾನು ಅದೇ ಬುಗ್ಗೆಗಳ ನೀರನ್ನು ಹದಮಾಡಿ ತುಂಬಿಸುವ ಥರ್ಮೇ ಸ್ಪಾದ ಮಾಳಿಗೆಯ ಕೊಳಕ್ಕೆ ಇಳಿದೆವು. ಎರಡೂ 25ರಂದು ಮುಚ್ಚಿರುತ್ತವೆ. ತಲೆಯ ಮೇಲೆ ಕೊರೆಯುವ ಗಾಳಿ, ಕತ್ತಿನವರೆಗೆ ಬೆಚ್ಚನೆಯ ನೀರು, ಎದುರಿಗೆ ದೀಪ ಹೊತ್ತಿಸಿಕೊಂಡ ಅಬೆಯ, ಅಂದರೆ ಊರಿನ ದೊಡ್ಡ ಚರ್ಚಿನ, ಗೋಪುರ. ಈಜುಡುಗೆ ತೊಡಲು ಒಪ್ಪದ ಅಮ್ಮ ನನ್ನ ಹೆಂಡತಿಯೊಂದಿಗೆ ಪೇಟೆ ಸುತ್ತಿದರು. ಮರುದಿನ 1805ರಿಂದ ಇರುವ ಥಿಯೇಟರ್ ರಾಯಲ್‌ನಲ್ಲಿ ಪ್ಯಾಂಟೊಮೈಮ್ ಎಂಬ ಕ್ರಿಸ್‌ಮಸ್ ಕಾಲದ ಹಾಡು ಹಾಸ್ಯದ ನಾಟಕ ನೋಡಿದೆವು. ಹೆಂಗಸಿನ ವೇಷದ ಗಂಡಸು, ಖಳ ಬಂದಾಗ ಕೂಗಿ ಎಚ್ಚರಿಸುವ ಪ್ರೇಕ್ಷಕರು, ಊರಿನ ರಾಜಕಾರಣಿಗಳ ಮೇಲೆ ಚಟಾಕಿ: ಭಾಷೆ ಅರ್ಧ ಅರ್ಥವಾಗದಿದ್ದರೂ, ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದ ಅಪ್ಪನಿಗೆ ಏನೂ ಹೊಸದೆನಿಸಲಿಲ್ಲ.

ಇನ್ನು ಊಟದ ವಿಷಯ. ನನ್ನ ಶ್ರಮವೆಲ್ಲ ಹೋದದ್ದು ಇದಕ್ಕೇ. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ. ಇಂಗ್ಲಿಷರ ಹಬ್ಬದ ಊಟದಲ್ಲಿ ಕಣ್ಣಿಗೆ ಕಾಣುವ ಟರ್ಕಿ ಕೋಳಿಯಿಂದ ತೊಂದರೆಯಿಲ್ಲ, ತೊಂದರೆಯೇನಿದ್ದರೂ ಕಾಣದ ಮಾಂಸದಿಂದ. ಆಲೂಗಡ್ಡೆಯನ್ನು ಬಾತುಕೋಳಿಯ ಕೊಬ್ಬಿನಲ್ಲಿ ಹುರಿದಿರಬಹುದು; ಪುಟ್ಟ ಕೋಸಿನಲ್ಲಿ ಹಂದಿಮಾಂಸದ ಚೂರು ಬಿದ್ದಿರಬಹುದು; ಒಣಹಣ್ಣುಗಳ ಕ್ರಿಸ್‌ಮಸ್ ಪುಡಿಂಗ್‌ಗೆ ಸಾಂಪ್ರದಾಯಿಕವಾಗಿ ಸೇರುವುದು ದನದ ಮೂತ್ರಪಿಂಡದ ಸುತ್ತಲಿನ ಕೊಬ್ಬು. ಸಸ್ಯಾಹಾರಿ ಪಟ್ಟಿಯ ಬೀಜಗಳ ರೋಸ್ಟಿನಲ್ಲಿ ಅಂಟಿಗೆಂದು ಮೊಟ್ಟೆ ಇರುವುದುಂಟು. ಹಾಗಾಗಿ ನಾನು ಸಸ್ಯಾಹಾರದ ಪಟ್ಟಿಯನ್ನು ಬಿಟ್ಟು ವೀಗನ್ ಪಟ್ಟಿಯನ್ನು ಕೇಳಿದೆ. ಅದರಲ್ಲಿ ಮೊಟ್ಟೆ, ಕೊಬ್ಬು, ಜೆಲಟಿನ್ ಯಾವುದೂ ಬರುವಂತಿಲ್ಲ. ಹಾಲು ಬೆಣ್ಣೆಯನ್ನು ಬೇಕಿದ್ದರೆ ಪಕ್ಕದಲ್ಲಿ ತರಿಸಿಕೊಳ್ಳಬಹುದು. ಆದರೆ ವೀಗನ್ ಎಂದ ಮಾತ್ರಕ್ಕೆ ಹೆಂಡ ಇರುವುದಿಲ್ಲವೆಂದಲ್ಲ, ಪುಡಿಂಗ್ ಅನ್ನು ಬ್ರಾಂದಿಯಲ್ಲಿ ನೆನೆಸಿ ಬೆಂಕಿ ಹೊತ್ತಿಸಿಯೇ ತರುತ್ತಾರೆ, ಆದ್ದರಿಂದ ಮದ್ಯ ಬೇಡವೆಂಬುದನ್ನು ಬೇರೆಯಾಗಿಯೇ ಹೇಳಬೇಕು. ಇದನ್ನೆಲ್ಲ ಅಕ್ಟೋಬರಿನಲ್ಲಿ ಬರೆದು ಕಳಿಸಿ, ಡಿಸೆಂಬರ್ ಮೊದಲ ವಾರ ಅಡುಗೆಮನೆಯ ಮುಖ್ಯಸ್ಥರೊಡನೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿದೆ. ಸಿಹಿಗೆ ಅವರೇ ಒಂದು ದಾರಿ ಸೂಚಿಸಿದರು: ಸೇಬಿನ ಕ್ರಂಬಲ್, ಮೇಲೆ ಬರ್ಡ್ಸ್ ಪುಡಿಯಿಂದ ಮಾಡಿದ ಕಸ್ಟರ್ಡ್. ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ 1837ರಲ್ಲಿ ಆ ಪುಡಿಯನ್ನು ಕಂಡುಹಿಡಿದದ್ದೇ ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ. ನಮ್ಮ ಮನೆಗಳಲ್ಲಿ ಹಣ್ಣಿನ ಜೊತೆ ಕಲಸಿಕೊಡುವ ಕಸ್ಟರ್ಡ್ ಪೌಡರಿನ ಮೂಲಪುರುಷ ಅದು.

24ರಂದು ಹನ್ನೆರಡು ಗಂಟೆಗೇ ಹೋಗಿ ಸಾಮಾನು ಒಪ್ಪಿಸಿದೆವು. ಕೋಣೆ ಕೊಡುವುದು ಮೂರಕ್ಕೆ, ಆಮೇಲೆ ಬೆಳಕು ಉಳಿಯುವುದು ಒಂದೇ ಗಂಟೆ. ಅಷ್ಟು ಹಣ ಕೊಟ್ಟು ತೋಟವನ್ನು ಕತ್ತಲಲ್ಲಿ ನೋಡುವುದೇಕೆ? ಸುತ್ತಾಡಿ ಬಂದು ಅಗ್ಗಿಷ್ಟಿಕೆಯ ಮುಂದೆ ಕೂತಾಗ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಚಾಪೆಲ್ಲಿನಿಂದ ರೇಡಿಯೋದಲ್ಲಿ ಕ್ಯಾರೆಲ್ ಗೀತೆಗಳು ಬರುತ್ತಿದ್ದವು. 1918ರಲ್ಲಿ ಮೊದಲಾದ ಆ ಪ್ರಾರ್ಥನೆ ಶುರುವಾಗುವುದು ಒಬ್ಬನೇ ಹುಡುಗನ ಒಂಟಿ ದನಿಯಿಂದ. ಅಲ್ಲಿದ್ದ ಇಪ್ಪತ್ತು ಮೂವತ್ತು ಅಪರಿಚಿತರು ಮಾತು ನಿಲ್ಲಿಸಿ ಅದನ್ನು ಕೇಳಿದರು.

25ರ ಬೆಳಿಗ್ಗೆ ಹಳ್ಳಿಯ ಚರ್ಚಿನವರೆಗೆ ನಡಿಗೆ, ಒಂದು ಗಂಟೆಗೆ ಊಟ. ಪ್ರತಿ ತಟ್ಟೆಯ ಪಕ್ಕ ಒಂದು ಕ್ರ್ಯಾಕರ್: ಇಬ್ಬರು ಎರಡು ತುದಿ ಹಿಡಿದೆಳೆದರೆ ಪಟ್ಟೆಂದು ಸಿಡಿದು, ಒಳಗಿನಿಂದ ಕಾಗದದ ಕಿರೀಟವೂ ಒಂದು ಕಳಪೆ ನಗೆಹನಿಯೂ ಬೀಳುತ್ತವೆ. ಕಿರೀಟ ತೊಡದಿದ್ದರೆ ಮರ್ಯಾದೆಯಲ್ಲ. ಮೂರು ಗಂಟೆಗೆ ಟೀವಿಯಲ್ಲಿ ದೊರೆಯ ಭಾಷಣ. 1932ರಲ್ಲಿ ಐದನೆಯ ಜಾರ್ಜ್ ರೇಡಿಯೋದಲ್ಲಿ ಆರಂಭಿಸಿದ ಪದ್ಧತಿ ಅದು. ಹಳದಿ ಕಾಗದದ ಕಿರೀಟ ತೊಟ್ಟು ಅಪ್ಪ ಅದನ್ನು ಗಂಭೀರವಾಗಿ ಆಲಿಸಿದರು. ನಾನು ಎಡವಿದ್ದು ರಾತ್ರಿಯ ಊಟದಲ್ಲಿ. ಮಧ್ಯಾಹ್ನದ ಭಾರೀ ಊಟವಾದ ಮೇಲೆ ಅಡುಗೆಯವರಿಗೂ ವಿಶ್ರಾಂತಿ ಬೇಕಲ್ಲ, ರಾತ್ರಿ ಹಲವೆಡೆ ತಣ್ಣನೆಯ ಮಾಂಸ ಮತ್ತು ಚೀಸನ್ನು ಮೇಜಿನ ಮೇಲೆ ಇಟ್ಟುಬಿಡುತ್ತಾರೆ, ಆ ಚೀಸಿನಲ್ಲೂ ಕೆಲವು ಕರುವಿನ ಹೊಟ್ಟೆಯ ರೆನೆಟ್ಟಿನಿಂದ ಹೆಪ್ಪುಗಟ್ಟಿಸಿದವು. ಇದರ ಬಗ್ಗೆ ನಾನು ಕೇಳಿಯೇ ಇರಲಿಲ್ಲ. ಅಮ್ಮ ಕೋಣೆಗೆ ಹೋಗಿ ಕೆಟಲಿನ ಬಿಸಿನೀರಿನಲ್ಲಿ ಅವಲಕ್ಕಿ ನೆನೆಸಿ, ಊರಿನಿಂದ ತಂದಿದ್ದ ಚಟ್ನಿಪುಡಿ ಕಲಸಿದರು. ನಾಲ್ವರೂ ತಿಂದೆವು.

26 ಇಲ್ಲಿಯವರಿಗೆ ಬಾಕ್ಸಿಂಗ್ ಡೇ, ಹಿಂದೆ ಆಳುಗಳಿಗೂ ವರ್ತನೆಯವರಿಗೂ ಪೆಟ್ಟಿಗೆಯಲ್ಲಿ ಕಾಣಿಕೆ ಕೊಡುತ್ತಿದ್ದ ದಿನ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಕೊಂಡಿದ್ದರೂ, ತಮ್ಮ ಮನೆಯ ಹಬ್ಬ ಬಿಟ್ಟು ನಮಗೆ ಬಡಿಸಿದ ಮೂವರಿಗೆ ಬೇರೆಬೇರೆ ಲಕೋಟೆಯಲ್ಲಿ ಹಣ ಹಾಕಿಕೊಟ್ಟೆ. ಅಮ್ಮ ಪ್ರತಿಯೊಂದರ ಮೇಲೂ ಒಂದು ಪೌಂಡಿನ ನಾಣ್ಯ ಹೆಚ್ಚಿಗೆ ಇಡಿಸಿದರು, ಸೊನ್ನೆಯಲ್ಲಿ ಮುಗಿಯುವ ಮೊತ್ತ ಕೊಡಬಾರದೆಂದು. ಹೊರಡುವ ಬೆಳಿಗ್ಗೆ ಮುಂದಿನ ಕ್ರಿಸ್‌ಮಸ್ಸಿಗೆ ಹಳೆಯ ಅತಿಥಿಗಳಿಗೆ ಮೊದಲ ಆಯ್ಕೆ ಎಂದು ಸ್ವಾಗತದ ಮೇಜಿನಲ್ಲಿ ಒಂದು ನಮೂನೆ ಕೊಟ್ಟರು. ವಿಶೇಷ ಕೋರಿಕೆ ಎಂಬ ಖಾಲಿ ಜಾಗದಲ್ಲಿ ನಾನು ಮೊದಲು ಬರೆದದ್ದು 25ರ ರಾತ್ರಿಗೆ ಬಿಸಿ ಊಟ ಎಂದು.