ಕರೆಂಟ್ ಮುಗಿದ ಮೇಲಿನ ಮೂರು ತಿಂಗಳು

ಬೆನ್ನುಮೂಳೆಗೆ ಹರಡಿದ ಕ್ಯಾನ್ಸರಿಗೆ ವಿಕಿರಣ (ನಮ್ಮ ಕಡೆ ‘ಕರೆಂಟ್’) ಕೊಡಿಸಿಕೊಂಡು ಚಿಕ್ಕಮಗಳೂರಿಗೆ ವಾಪಸಾದವರ ಚೀಟಿಯಲ್ಲಿ ನಾನು ಮೊದಲು ಹುಡುಕುವುದು ಯಾವ ಕಶೇರುಮಣಿ (ಬೆನ್ನುಮೂಳೆಯ ಬಿಡಿ ಮಣಿ), ಎಷ್ಟು ಗ್ರೇ (ವಿಕಿರಣದ ಅಳತೆ), ಎಷ್ಟು ಸಲ ಎಂಬುದನ್ನು. 8 ಗ್ರೇ ಒಂದೇ ಸಲ ಕೊಟ್ಟರೂ 30 ಗ್ರೇಯನ್ನು ಹತ್ತು ಸಲಕ್ಕೆ ಹಂಚಿದರೂ ನೋವು ಇಳಿಯುವುದು ಹೆಚ್ಚುಕಡಿಮೆ ಒಂದೇ ಥರ. ಒಂದೇ ಸಲದ್ದಾದರೆ ಮುಂದೆ ಮತ್ತೊಮ್ಮೆ ಕೊಡಬೇಕಾಗಿ ಬರುವುದು ಜಾಸ್ತಿ, ಅಷ್ಟೆ. ‘ಒಂದೇ ದಿನಕ್ಕೆ ಮುಗಿಸಿ ಕಳಿಸಿಬಿಟ್ಟರು’ ಎಂದು ಕೊರಗುವ ಮನೆಯವರಿಗೆ ಇದನ್ನು ಬಿಡಿಸಿ ಹೇಳುತ್ತೇನೆ. ಎಸ್‌ಬಿಆರ್‌ಟಿಯಲ್ಲಿ (ಗಡ್ಡೆಗೇ ಗುರಿಯಿಟ್ಟು ಹೆಚ್ಚು ಪ್ರಮಾಣದಲ್ಲಿ ಕೊಡುವ ವಿಕಿರಣ) ಒಂದೇ ಸಲಕ್ಕೆ 20 ಗ್ರೇ ದಾಟಿದ್ದರೆ ಮಣಿ ಕುಸಿಯುವ ಭಯ ಇನ್ನೂ ಹೆಚ್ಚು.

ಮೊದಲ ಕೆಲವು ದಿನ ನೋವು ಏರಬಹುದು. ಅದು ಚಿಕಿತ್ಸೆ ಸೋತ ಗುರುತಲ್ಲ. ಎರಡನೇ ವಾರದ ಹೊತ್ತಿಗೆ ಇಳಿಯತೊಡಗುತ್ತದೆ, ಕೆಲವರಿಗೆ ಆರು ವಾರ ಹಿಡಿಯುತ್ತದೆ.

ಎಡವಟ್ಟು ಆಗುವುದು ನೋವು ಹೋದ ಮೇಲೆ. ವಿಕಿರಣ ಗಡ್ಡೆಯನ್ನು ಕೊಲ್ಲುತ್ತದೆ, ಮೂಳೆಯನ್ನು ಕಟ್ಟಿಕೊಡುವುದಿಲ್ಲ. ಖಾಲಿಯಾದ ಜಾಗದಲ್ಲಿ ಮೊದಲು ನಾರಿನಂಥ ಅಂಗಾಂಶ ತುಂಬುತ್ತದೆ, ಆಮೇಲೆ ಹಸಿ ಮೂಳೆ, ಕೊನೆಗೆ ಸುಣ್ಣ ಕೂಡಿ ಗಟ್ಟಿಯಾಗುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಇದು ಚೆನ್ನಾಗಿ ಕಾಣಲು ಎರಡು–ಮೂರು ತಿಂಗಳು ಬೇಕು, ಪೂರ್ತಿಯಾಗಲು ಆರು ತಿಂಗಳಾದರೂ ಆದೀತು. ಕಾಫಿ ಕೊಯ್ಲಿನ ಕಾಲದಲ್ಲಿ ‘ನೋವಿಲ್ಲವಲ್ಲ’ ಎಂದು ಮೂಟೆಗೆ ಕೈಹಾಕುವುದು ಈ ನಡುವೆಯೇ.

ಹಾಗಾಗಿ ಮೂರು ತಿಂಗಳು ಸೊಂಟ ಬಗ್ಗಿಸಿ ತಿರುಚುವ ಕೆಲಸವಿಲ್ಲ, ತುಂಬಿದ ಕೊಡವನ್ನೂ ಎತ್ತುವಂತಿಲ್ಲ. ಹಾಸಿಗೆಯಿಂದ ಏಳುವಾಗ ಭುಜ, ಸೊಂಟ ಒಟ್ಟಿಗೇ ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು, ಕೈ ಊರಿ ಏಳಬೇಕು. ಕುಕ್ಕರುಗಾಲಿನ ಕಕ್ಕಸಿದ್ದರೆ ಮೇಲೆ ಕಮೋಡ್ ಕುರ್ಚಿ ಇಡಿಸುತ್ತೇನೆ. ಆದರೆ ಮಲಗಿಸಿಯೇ ಇಡುವುದು ಇನ್ನೂ ಕೆಟ್ಟದ್ದು. ದಿನಾ ಸಮತಟ್ಟು ನೆಲದಲ್ಲಿ ನಡೆಸಬೇಕು. ಮಲಗಿದಾಗ ಮಾಯವಾಗಿ ಎದ್ದಾಗ ಕಚ್ಚುವ ನೋವು ಉಳಿದರೆ ಮಣಿ ಅಲುಗುತ್ತಿದೆ ಎಂದೇ ಅನುಮಾನ. ಅದಕ್ಕೆ ವಿಕಿರಣ ಮದ್ದಲ್ಲ, ಬೆನ್ನುಮೂಳೆ ಶಸ್ತ್ರಚಿಕಿತ್ಸಕರು ನೋಡಬೇಕು.

ಮೂಳೆ ಸವೆಯದಂತೆ ತಡೆಯುವ ಜೊಲೆಡ್ರೋನಿಕ್ ಆಸಿಡ್ 4 ಮಿ.ಗ್ರಾಂ ಡ್ರಿಪ್ ಬರೆದಿದ್ದರೆ ಮೊದಲು ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ಪರೀಕ್ಷೆ), ಕ್ಯಾಲ್ಸಿಯಂ ಮತ್ತು ಹಲ್ಲಿನ ತಪಾಸಣೆ. ಎಲೆಅಡಿಕೆ ಹಾಕಿ ಹಲ್ಲು ಸಡಿಲಾದ ಹಿರಿಯರಲ್ಲಿ ಇದನ್ನು ಬಿಡಲೇಬಾರದು: ಔಷಧದ ನಡುವೆ ಹಲ್ಲು ಕಿತ್ತರೆ ದವಡೆಮೂಳೆ ಕೊಳೆಯಬಹುದು. ಡ್ರಿಪ್ 15 ನಿಮಿಷಕ್ಕಿಂತ ಬೇಗ ಹರಿದರೆ ಮೂತ್ರಪಿಂಡಕ್ಕೆ ಪೆಟ್ಟು. ಜೊತೆಗೆ ದಿನಕ್ಕೆ ಕ್ಯಾಲ್ಸಿಯಂ 500 ಮಿ.ಗ್ರಾಂ, ವಿಟಮಿನ್ ಡಿ 400 ಯೂನಿಟ್.

ಮೂರನೇ ತಿಂಗಳ ಸಿಟಿಯಲ್ಲಿ ತೂತಿದ್ದ ಕಡೆ ಬಿಳಿ ಅಂಚು ಕಂಡರೆ ಅದು ಬಹುಪಾಲು ಮೂಳೆ ಕೂಡಿಕೊಳ್ಳುತ್ತಿರುವುದು. ಹಳೆಯ ಫಿಲ್ಮ್ ಪಕ್ಕಕ್ಕಿಟ್ಟು ನೋಡದಿದ್ದರೆ ಇದನ್ನೇ ‘ರೋಗ ಹೆಚ್ಚಿದೆ’ ಎಂದು ಓದಿಬಿಡುತ್ತಾರೆ. ಹಳೆಯ ಸಿ.ಡಿ. ತರಲು ಅದಕ್ಕೇ ಒತ್ತಾಯ.

ಕಾಲು ಸೋಲುವುದು, ಮೂತ್ರ ಕಟ್ಟುವುದು, ಕೂರುವ ಜಾಗ ಜೋಮು ಹಿಡಿಯುವುದು: ಇವುಗಳಲ್ಲಿ ಒಂದು ಕಂಡರೂ ಬೆನ್ನುಹುರಿಯ ಮೇಲೆ ಒತ್ತಡ ಬೀಳುತ್ತಿರಬಹುದು. ಬೆಳಗಾಗಲಿ ಎಂದು ಕಾಯದೆ, ಅಂಗಾತ ಮಲಗಿಸಿಕೊಂಡೇ ಎಂಆರ್‌ಐ ಇರುವ ಕಡೆಗೆ ಹೊರಡಿಸುತ್ತೇನೆ.