ಕಣ್ಣು ನೋಡುವ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳು

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದ, ಮೂವತ್ತರ ಆಸುಪಾಸಿನ ಮಹಿಳೆಯೊಬ್ಬರು ತಾಯಿಯ ಕೈ ಹಿಡಿದುಕೊಂಡು ನನ್ನ ಕೊಠಡಿಗೆ ಬಂದಾಗ ಅವರ ಎರಡೂ ಕಣ್ಣುಗಳು ಕೆಂಪಾಗಿದ್ದವು, ದೃಷ್ಟಿ ಫಲಕದ ಅತಿ ದೊಡ್ಡ ಅಕ್ಷರವೊಂದನ್ನು ಬಿಟ್ಟು ಬೇರೇನೂ ಅವರಿಗೆ ಕಾಣುತ್ತಿರಲಿಲ್ಲ. ಘಾಟು ಹೊಡೆದಿದೆ ಎಂದು ಮನೆಯವರೂ ಔಷಧದ ಅಂಗಡಿಯವರೂ ನಂಬಿ ಹತ್ತು ದಿನ ಹನಿ ಹಾಕಿಯಾಗಿತ್ತು. ಘಾಟಿಗೆ ಕಣ್ಣು ಉರಿಯುತ್ತದೆ, ನೀರು ಸುರಿಯುತ್ತದೆ, ಆದರೆ ಎರಡೂ ಕಣ್ಣಿನ ದೃಷ್ಟಿ ಒಟ್ಟಿಗೆ ಈ ಮಟ್ಟಕ್ಕೆ ಇಳಿಯುವುದಿಲ್ಲ.

ತಲೆನೋವು ಇತ್ತೇ ಎಂದು ಕೇಳಿದರೆ ನಮ್ಮಲ್ಲಿ ಬಹುತೇಕ ಎಲ್ಲರೂ ಹೌದೆನ್ನುತ್ತಾರೆ. ಹಾಗಾಗಿ ಆ ಪ್ರಶ್ನೆಯನ್ನು ನಾನು ಹಾಗೆ ಕೇಳುವುದಿಲ್ಲ. ತಲೆ ಬಾಚಿಕೊಳ್ಳುವಾಗ ಏನಾದರೂ ತೊಂದರೆ ಇತ್ತೇ ಎಂದೆ. ಅವರು ಒಮ್ಮೆ ತಾಯಿಯ ಮುಖ ನೋಡಿ, “ಹಣಿಗಿ ಮುಟ್ಟಿಸಿದ್ರ ನೆತ್ತಿ ನೋಯ್ತಿತ್ರಿ ಸಾಹೇಬ್ರ, ಕಣ್ಣಿಗೂ ಅದಕ್ಕೂ ಏನ್ ಸಂಬಂಧ ಅಂತ ಹೇಳಲಿಲ್ರಿ” ಎಂದರು. ಕಿವಿಯ ಬಗ್ಗೆ ಕೇಳಿದಾಗ ಉತ್ತರ ಬಂದದ್ದು ತಾಯಿಯಿಂದ: “ವಾರದಿಂದ ಕಿವ್ಯಾಗ ಗುಂಯ್ ಅಂತೈತಿ ಅಂತಿದ್ಲ್ರಿ, ನಾನು ಬಳ್ಳೊಳ್ಳಿ ಎಣ್ಣಿ ಬಿಟ್ಟಿದ್ನಿ.” ಪರೀಕ್ಷಾ ಯಂತ್ರದ ದೀಪ ಹಚ್ಚುವ ಮೊದಲೇ ರೋಗದ ಹೆಸರು ನನ್ನ ಮನಸ್ಸಿನಲ್ಲಿತ್ತು.

ಫೋಗ್ಟ್-ಕೊಯನಾಗಿ-ಹರಾಡಾ ರೋಗ ಎಂದು ಅದರ ಪೂರ್ತಿ ಹೆಸರು. ನಮ್ಮ ನಡುವೆ ವಿಕೆಎಚ್ ಎಂದರೆ ಸಾಕು. ಉರಿಯೂತವಿದ್ದ ಕಣ್ಣಿನ ರೆಪ್ಪೆಗೂದಲು ಬೆಳ್ಳಗಾದುದನ್ನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಫೋಗ್ಟ್ 1906ರಲ್ಲಿ ಬರೆದರು. ಅಕ್ಷಿಪಟಲದ (ರೆಟಿನಾದ) ಅಡಿಯಲ್ಲಿ ನೀರು ತುಂಬಿ ಅದು ಎದ್ದು ನಿಲ್ಲುವ ರೂಪವನ್ನು ಜಪಾನಿನ ಹರಾಡಾ 1926ರಲ್ಲಿ ವಿವರಿಸಿದರು. ದೇಹದ ರಕ್ಷಣಾ ವ್ಯವಸ್ಥೆಯು ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳನ್ನೇ ಶತ್ರುವೆಂದು ತಿಳಿದು ದಾಳಿ ಮಾಡುವುದು ಇದರ ಮೂಲ. ಆ ಕೋಶಗಳು ಅಕ್ಷಿಪಟಲದ ಹಿಂದಿನ ಕೊರಾಯ್ಡ್ ಪದರದಲ್ಲಿವೆ, ಒಳಗಿವಿಯಲ್ಲಿವೆ, ಮಿದುಳಿನ ಹೊದಿಕೆಯಲ್ಲಿವೆ, ಚರ್ಮದಲ್ಲಿವೆ, ಕೂದಲ ಬುಡದಲ್ಲಿವೆ. ಇಷ್ಟು ಗೊತ್ತಿದ್ದರೆ ಕಿವಿಯ ಗುಂಯ್ ಸದ್ದೂ, ಕತ್ತು ಬಿಗಿದ ತಲೆನೋವೂ, ನೆತ್ತಿಯ ನೋವೂ, ಅಕ್ಷಿಪಟಲದಡಿಯ ನೀರೂ ಒಂದೇ ದಾರದಲ್ಲಿ ಪೋಣಿಸಿದಂತೆ ಕಾಣುತ್ತವೆ. ಮೈಯಲ್ಲಿ ವರ್ಣದ್ರವ್ಯ ಹೆಚ್ಚಿರುವ ಜನರಲ್ಲಿ ಇದು ಹೆಚ್ಚಾಗಿ ಕಾಣುವುದರಿಂದ ನಮ್ಮ ಕಡೆಯ ಕಣ್ಣಿನ ವೈದ್ಯರಿಗೆ ಇದನ್ನು ಮರೆಯುವ ಸ್ವಾತಂತ್ರ್ಯವಿಲ್ಲ.

ಆದರೆ ನಾನು ಒಮ್ಮೆ ಮರೆತಿದ್ದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಕಣ್ಣು ಮಸುಕಾಗಿದೆ ಎಂದು ಬಂದ ನಡುವಯಸ್ಸಿನ ಗಂಡಸೊಬ್ಬರ ಓಸಿಟಿ (ಅಕ್ಷಿಪಟಲದ ಪದರಗಳನ್ನು ಬೆಳಕಿನಿಂದ ತೋರಿಸುವ) ಸ್ಕ್ಯಾನಿನಲ್ಲಿ ಅಕ್ಷಿಪಟಲದ ಅಡಿ ನೀರು ಕಂಡಾಗ, ಸೆಂಟ್ರಲ್ ಸೀರಸ್ (ಉರಿಯೂತವಿಲ್ಲದೆ ಅಕ್ಷಿಪಟಲದ ನಡುಭಾಗದಡಿ ನೀರು ಸೇರುವ ರೋಗ) ಎಂದು ತೀರ್ಮಾನಿಸಿ, ಮನಸ್ಸಿನ ಒತ್ತಡ ಕಡಿಮೆ ಮಾಡಿಕೊಳ್ಳಿ, ತಾನಾಗಿಯೇ ಇಂಗುತ್ತದೆ ಎಂದು ಕಳುಹಿಸಿಬಿಟ್ಟೆ. ಗಂಡಸು, ಆ ವಯಸ್ಸು, ಒಂದೇ ಕಣ್ಣು, ಎಲ್ಲವೂ ಆ ರೋಗಕ್ಕೆ ಹೊಂದುತ್ತಿತ್ತು. ಎಂಟನೆಯ ದಿನ ಅವರು ಎರಡೂ ಕಣ್ಣು ಕಾಣದೆ ಮರಳಿದರು. ಇಲ್ಲಿರುವ ಅಪಾಯ ಬರಿಯ ತಡವಲ್ಲ: ಸೆಂಟ್ರಲ್ ಸೀರಸ್‌ಗೆ ಸ್ಟೀರಾಯ್ಡ್ ಕೊಟ್ಟರೆ ರೋಗ ಉಲ್ಬಣಿಸುತ್ತದೆ, ವಿಕೆಎಚ್‌ಗೆ ಸ್ಟೀರಾಯ್ಡ್ ಕೊಡದಿದ್ದರೆ ದೃಷ್ಟಿ ಹೋಗುತ್ತದೆ. ಸ್ಕ್ಯಾನಿನ ಒಂದೇ ಚಿತ್ರ ನೋಡಿ ಅವೆರಡನ್ನೂ ಬೇರ್ಪಡಿಸುವ ಧೈರ್ಯವನ್ನು ಅಂದಿನಿಂದ ಬಿಟ್ಟಿದ್ದೇನೆ. ಅವರಿಗೂ ಕಿವಿಯಲ್ಲಿ ಸದ್ದು ಇತ್ತು. ನಾನು ಕೇಳಿರಲಿಲ್ಲ, ಅಷ್ಟೆ.

ಬ್ಯಾಡಗಿಯ ಆ ಮಹಿಳೆಯ ಕಣ್ಣಿನ ಮುಂಭಾಗದಲ್ಲಿ, ಸ್ಲಿಟ್ ಲ್ಯಾಂಪಿನ ಸಣ್ಣ ಬೆಳಕಿನ ಕಿರಣದೊಳಗೆ, ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳು ತೇಲುವ ಹಾಗೆ ಉರಿಯೂತದ ಕೋಶಗಳು ತೇಲುತ್ತಿದ್ದವು. ಸೆಂಟ್ರಲ್ ಸೀರಸ್‌ನಲ್ಲಿ ಇವು ಇರುವುದಿಲ್ಲ. ಪಾಪೆ ಹಿಗ್ಗಿಸಿ ನೋಡಿದಾಗ ಎರಡೂ ಕಡೆ ನರದ ತುದಿ ಕೆಂಪಾಗಿ ಊದಿತ್ತು. ಅಕ್ಷಿಪಟಲ ಅಲ್ಲಲ್ಲಿ ಗುಳ್ಳೆ ಎದ್ದಂತೆ ಉಬ್ಬಿತ್ತು. ಓಸಿಟಿಯಲ್ಲಿ ಆ ನೀರು ಒಂದೇ ಕೊಳವಾಗಿರದೆ ತೆಳು ಪರದೆಗಳು ನಡುನಡುವೆ ಎದ್ದು ಕೋಣೆಗಳಾಗಿ ಒಡೆದಿತ್ತು, ಕೊರಾಯ್ಡ್ ಎಷ್ಟು ದಪ್ಪವಾಗಿತ್ತೆಂದರೆ ಅದರ ಹಿಂದಿನ ಅಂಚು ಚಿತ್ರದೊಳಗೆ ಸಿಗಲೇ ಇಲ್ಲ. ತೋಳಿನ ರಕ್ತನಾಳಕ್ಕೆ ಫ್ಲೋರೆಸೀನ್ ಬಣ್ಣ ಚುಚ್ಚಿ ತೆಗೆದ ಆಂಜಿಯೋಗ್ರಫಿಯಲ್ಲಿ ಮೊದಲು ಸೂಜಿಮೊನೆಯಷ್ಟು ಸಣ್ಣ ಬೆಳಕಿನ ಚುಕ್ಕೆಗಳು ಅಸಂಖ್ಯವಾಗಿ ಮೂಡಿ, ಕೆಲವು ನಿಮಿಷಗಳಲ್ಲಿ ಆ ಬಣ್ಣವೆಲ್ಲ ಕೆಳಗೆ ಮಡುಗಟ್ಟಿತು. ಕಣ್ಣಿಗೆ ಹಿಂದೆಂದಾದರೂ ಪೆಟ್ಟು ಬಿದ್ದಿತ್ತೇ, ಶಸ್ತ್ರಚಿಕಿತ್ಸೆ ಆಗಿತ್ತೇ ಎಂದು ಎರಡು ಬಾರಿ ಕೇಳಿದೆ, ಏಕೆಂದರೆ ಒಂದು ಕಣ್ಣಿನ ಗಾಯದಿಂದ ಇನ್ನೊಂದಕ್ಕೂ ಉರಿಯೂತ ಹಬ್ಬುವ ಸಿಂಪಥೆಟಿಕ್ ಆಫ್ತಾಲ್ಮಿಯಾ ಹೆಚ್ಚುಕಡಿಮೆ ಇದೇ ವೇಷದಲ್ಲಿ ಬರುತ್ತದೆ. ಅಂಥದ್ದೇನೂ ಆಗಿರಲಿಲ್ಲ. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುವ ಅಗತ್ಯ ನನಗೆ ಕಾಣಲಿಲ್ಲ; ಕಣ್ಣು ಇಷ್ಟು ಸ್ಪಷ್ಟವಾಗಿ ಹೇಳುವಾಗ ಅದನ್ನು ನಾನು ಮಾಡಿಸುವುದಿಲ್ಲ.

ಸ್ಟೀರಾಯ್ಡ್ ಶುರು ಮಾಡುವ ಮುನ್ನ ಎದೆಯ ಎಕ್ಸ್-ರೇ, ಕ್ಷಯಕ್ಕಾಗಿ ಮಾಂಟೂ ಪರೀಕ್ಷೆ, ಸಿಫಿಲಿಸ್ ಪರೀಕ್ಷೆ, ಸಕ್ಕರೆ, ರಕ್ತದೊತ್ತಡ ಇವಿಷ್ಟನ್ನು ಬಿಡುವಂತಿಲ್ಲ. ಕ್ಷಯವೂ ಸಿಫಿಲಿಸೂ ಕಣ್ಣಿನಲ್ಲಿ ಯಾವ ರೋಗದ ಮುಖವಾಡವನ್ನಾದರೂ ಹಾಕಿಕೊಳ್ಳಬಲ್ಲವು. ಎಲ್ಲ ವರದಿಗಳೂ ಸರಿಯಿದ್ದುದರಿಂದ ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ ಮೂರು ದಿನ ರಕ್ತನಾಳದ ಮೂಲಕ ಕೊಟ್ಟೆವು. ನಾಲ್ಕನೆಯ ದಿನದಿಂದ ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೊಲೋನ್ ಮಾತ್ರೆ. ಎರಡು ವಾರಕ್ಕೆ ನೀರು ಇಂಗಿತು. ಅವರು ತಾಯಿಯ ಕೈ ಬಿಟ್ಟು ತಾವೇ ನಡೆದು ಬಂದು ಕುರ್ಚಿಯಲ್ಲಿ ಕುಳಿತರು.

ಕಷ್ಟ ಶುರುವಾಗುವುದು ಇಲ್ಲಿಂದ. ಕಣ್ಣು ಕಂಡ ಮೇಲೆ ಮಾತ್ರೆ ಏಕೆ ಎಂಬ ಪ್ರಶ್ನೆಗೆ ನನ್ನ ಬಳಿ ವಿವರಣೆಯಿದೆ, ಆದರೆ ಮಾತ್ರೆಯಿಂದ ಊದಿದ ಮುಖ ನೋಡಿ ಓಣಿಯವರು ಆಡುವ ಮಾತಿಗೆ ನನ್ನ ಬಳಿ ಮದ್ದಿಲ್ಲ. ಕನಿಷ್ಠ ಆರು ತಿಂಗಳಲ್ಲಿ ಹಂತಹಂತವಾಗಿ ಇಳಿಸಬೇಕಾದ ಮಾತ್ರೆಯನ್ನು ಅವರು ಏಳನೆಯ ವಾರದಲ್ಲಿ ಒಮ್ಮೆಲೇ ನಿಲ್ಲಿಸಿದರು. ಮೂರನೆಯ ತಿಂಗಳು ಕೆಂಪುಗಣ್ಣಿನೊಂದಿಗೆ ಮರಳಿದಾಗ ಉರಿಯೂತ ಮುಂಭಾಗದಲ್ಲಿ ಕುಳಿತಿತ್ತು. ಈ ರೋಗ ಮರುಕಳಿಸುವುದು ಹೆಚ್ಚಾಗಿ ಹಾಗೆಯೇ. ಅಂಥ ಪ್ರತಿ ಮರುಕಳಿಕೆಯೂ ಕಣ್ಣಿನ ಪೊರೆಗೆ, ಗ್ಲಾಕೋಮಾಕ್ಕೆ, ಅಕ್ಷಿಪಟಲದಡಿಯ ಕಲೆಗೆ ದಾರಿ ಮಾಡುತ್ತದೆ. ಮಾತ್ರೆ ನಿಲ್ಲಿಸಬೇಡಿ ಎಂದಷ್ಟೇ ಹೇಳಿ, ಮುಖ ಊದುತ್ತದೆ, ಆಮೇಲೆ ಇಳಿಯುತ್ತದೆ ಎಂದು ಮೊದಲೇ ಹೇಳದಿದ್ದುದು ನನ್ನ ತಪ್ಪು. ಸ್ಟೀರಾಯ್ಡಿನ ಭಾರ ಇಳಿಸಲು, ದೇಹದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್ ಎಂಬ ಔಷಧ ಸೇರಿಸಿದೆವು. ಈಗ ಇಂಥ ರೋಗಿಗಳಿಗೆ ಅದನ್ನು ಆರಂಭದಲ್ಲೇ ಸೇರಿಸುತ್ತೇನೆ, ರಕ್ತಕಣಗಳ ಎಣಿಕೆಯನ್ನೂ ಯಕೃತ್ತಿನ ಪರೀಕ್ಷೆಯನ್ನೂ ತಪ್ಪದೆ ಮಾಡಿಸುತ್ತೇನೆ.

ಅದೇ ಭೇಟಿಯಲ್ಲಿ ಅವರ ಎಡಗಣ್ಣಿನ ಮೂರು ರೆಪ್ಪೆಗೂದಲು ಬೆಳ್ಳಗಾಗಿದ್ದುದನ್ನೂ, ಕಿವಿಯ ಹಿಂದೆ ಬಿಳಿ ಮಚ್ಚೆ ಮೂಡಿದ್ದುದನ್ನೂ ಕಂಡೆ. ಅವರ ಕಣ್ಣಲ್ಲಿ ನೀರು ಬಂದದ್ದು ದೃಷ್ಟಿ ಹೋದಾಗಲ್ಲ, ಆಗ. “ತೊನ್ನು ಅಂತಾರ್ರಿ, ನನ್ನ ಮಗಳ್ನ ಯಾರ್ ಮಾಡ್ಕೋತಾರ್ರಿ?” ಎಂದರು. ಇದು ಅಂಟುವುದಿಲ್ಲ, ಮುಟ್ಟಿದರೆ ಬರುವುದಿಲ್ಲ, ತಾಯಿಗೆ ಬಂದ ಮಾತ್ರಕ್ಕೆ ಮಗಳಿಗೆ ಬಂದೇ ಬರುವ ರೋಗವಲ್ಲ ಎಂದು ಅವರ ಗಂಡನನ್ನೂ ಒಳಗೆ ಕರೆದು ಹೇಳಿ, ಚರ್ಮರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟೆ.

ಈಗ ಎರಡು ವರ್ಷವಾಗಿದೆ. ಎರಡೂ ಕಣ್ಣಿನಲ್ಲಿ 6/9, ಅಂದರೆ ಸಹಜಕ್ಕೆ ಹತ್ತಿರದ ದೃಷ್ಟಿಯಿದೆ. ಮೊದಲ ದಿನದ ಚಿತ್ರದಲ್ಲಿ ಕಂದುಬಣ್ಣವಿದ್ದ ಕಣ್ಣಿನ ಹಿಂಭಾಗ ಇಂದಿನ ಚಿತ್ರದಲ್ಲಿ ಕಿತ್ತಳೆಗೆಂಪಾಗಿದೆ. ಬಣ್ಣದ ಕೋಶಗಳು ಅಳಿದ ಗುರುತು ಅದು, ನಮ್ಮ ಪುಸ್ತಕಗಳು ಅದಕ್ಕೆ ಮುಳುಗುವ ಸೂರ್ಯನ ಹೊಳಪು ಎನ್ನುತ್ತವೆ. ಮುಂದಿನ ತಪಾಸಣೆ ಫೆಬ್ರುವರಿಯಲ್ಲಿ ಬೇಡ, ಆಗ ಆವಕ ಜಾಸ್ತಿ, ಕೂಲಿ ತಪ್ಪುತ್ತದೆ ಎಂದರು. ರಕ್ತಪರೀಕ್ಷೆಯನ್ನು ಊರಿನಲ್ಲೇ ಮಾಡಿಸಿ ವರದಿಯ ಫೋಟೋ ಕಳುಹಿಸುವುದಾದರೆ ಏಪ್ರಿಲ್‌ವರೆಗೆ ಕಾಯುತ್ತೇನೆ, ಆದರೆ ಕಿವಿಯಲ್ಲಿ ಮತ್ತೆ ಗುಂಯ್ ಎಂದ ದಿನವೇ ಬಸ್ ಹತ್ತಬೇಕು ಎಂದು ಒಪ್ಪಂದವಾಯಿತು.